ಹಿಮ್ಮಡಿಯ ರಾಜಯೋಗ

ಕೊತ್ತಗೆರೆಯ ರಾಮಾಂಜಿನಯ್ಯನ ನಲವತ್ತೆಂಟು ವರ್ಷದ ಬದುಕಿನಲ್ಲಿ ಚರಿತ್ರೆ ಬರೆಯುವವರಿಗೆ ಸಿಗುವುದು ಕಮ್ಮಿ: ಒಂದು ತೆಂಗಿನ ತೋಟ, ಎರಡು ಸಲ ಸೋತ ಹಾಲಿನ ಸೊಸೈಟಿ ಚುನಾವಣೆ, ಒಬ್ಬ ಹೆಂಡತಿ. 2004ರಲ್ಲಿ ಮಾತ್ರ ವಿಧಿ ಎಚ್ಚೆತ್ತು ಅವನ ಬಲಗಾಲ ಹಿಮ್ಮಡಿಯಲ್ಲಿ ಒಂದು ಕಪ್ಪು ಗುರುತು ಇಟ್ಟಿತು. ಕುಣಿಗಲ್ಲಿನ ಜೋಯಿಸ ಕಾಳಯ್ಯ ಆ ಪಾದವನ್ನು ತಿರುಗಿಸಿ ನೋಡಿ, "ಅಂಗಾಲ ಮಚ್ಚೆ ಕಣಯ್ಯ. ಕುರ್ಚಿ ಯೋಗ" ಎಂದ. ಅಂದಿನಿಂದ ರಾಮಾಂಜಿನಯ್ಯ ಜಗಲಿಯಲ್ಲಿ ಕೂತರೆ ಅಂಗಾಲು ಬೀದಿಗೆ ಕಾಣುವಂತೆಯೇ ಕೂರುತ್ತಿದ್ದ.

ಮರುವರ್ಷ ಪಂಚಾಯ್ತಿ ಚುನಾವಣೆಗೆ ನಾಮಪತ್ರ ಹಾಕಿದ. ತೊಂದರೆ ಒಂದೇ: ಮತ ಕೇಳಲು ಮನೆಮನೆಗೆ ನಡೆಯಬೇಕು, ಯೋಗ ನೆಲಕ್ಕೆ ತಾಗಿದರೆ ಪ್ರಾಣ ಹೋಗುವಷ್ಟು ನೋವು. ಹೆಂಡತಿ ಸುಬ್ಬಲಕ್ಷ್ಮಮ್ಮ ಅವನನ್ನು ತುಮಕೂರಿನ ಬಟವಾಡಿಗೆ, ಚರ್ಮದ ಡಾಕ್ಟರು ಮಂಜುಶ್ರೀ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಹಿಮ್ಮಡಿಯ ಜಡ್ಡುಗಟ್ಟಿದ ಚರ್ಮವನ್ನು ಬ್ಲೇಡಿನಿಂದ ತೆಳ್ಳಗೆ ಹೆರೆದು, ದೀಪವಿದ್ದ ಪುಟ್ಟ ಭೂತಗನ್ನಡಿಯನ್ನು ಅದರ ಮೇಲೆ ಒತ್ತಿ ಹಿಡಿದರು.

"ಮಚ್ಚೆ ಅಲ್ಲ ಇದು. ಮಚ್ಚೆ ಆಗಿದ್ರೆ ಅಂಗಾಲಿನ ಗೆರೆ ಹಂಗೇ ಹಾದುಹೋಗಿರೋದು. ಇಲ್ಲಿ ಗೆರೆ ಕಡಿದುಹೋಗಿದೆ, ಒಳಗೆ ಸಾಸಿವೆ ಚೆಲ್ಲಿದಂಗೆ ಕಪ್ಪು ಚುಕ್ಕೆ. ಸಣ್ಣ ರಕ್ತನಾಳದಲ್ಲಿ ಹೆಪ್ಪುಗಟ್ಟಿರೋ ರಕ್ತ ಅದು. ಇದು ನರುಲಿ, ವೈರಸ್ಸಿಂದ ಬರುತ್ತೆ. ಸುಟ್ಟು ತೆಗೀಬೇಕು."

"ಯಾರು ಬುಟ್ಟಿರೋ ವೈರಸ್ಸು ತಾಯಿ? ಆಂಜನಪ್ಪನಾ?" ಆಂಜನಪ್ಪ ಅವನ ಎದುರಾಳಿ.

"ಒದ್ದೆ ಬಚ್ಚಲಲ್ಲಿ ಬರಿಗಾಲಲ್ಲಿ ಓಡಾಡಿದ್ರೂ ಅಂಟುತ್ತೆ. ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?"

ಸುಬ್ಬಲಕ್ಷ್ಮಮ್ಮ ತನ್ನ ಎಡಗಾಲು ಮುಂದಿಟ್ಟಳು. ಭೂತಗನ್ನಡಿಯಲ್ಲಿ ಅದೇ ಸಾಸಿವೆ, ಎರಡು ಕಡೆ.

"ಎರಡಾ?" ರಾಮಾಂಜಿನಯ್ಯನ ಮುಖ ಸಣ್ಣದಾಯಿತು. "ನನಗೆ ಹೇಳ್ಲೇ ಇಲ್ವಲ್ಲೇ."

"ಹೇಳಿದ್ರೆ ನನ್ನೂ ಎಲೆಕ್ಷನ್‌ಗೆ ನಿಲ್ಲುಸ್ತಿದ್ರಿ. ಸುಟ್ಟುಬುಡಿ ಡಾಕ್ಟ್ರಮ್ಮ, ನನಗೆ ಕುರ್ಚಿ ಬ್ಯಾಡ, ಕಾಲು ಬೇಕು."

ಅವಳದನ್ನು ಅಲ್ಲೇ ಸುಟ್ಟರು. ಅವನು ಚಪ್ಪಲಿ ಮೆಟ್ಟಿಕೊಂಡು ಎದ್ದ. "ನಂದು ವೋಟು ಎಣಿಕೆ ಮುಗಿದ್ಮೇಲೆ ನೋಡಣ. ಆ ಕನ್ನಡೀಗೆ ಗ್ರಹಗತಿ ಎಲ್ಲಿ ಕಾಣ್ತದೆ."

ಹೀಗೆ ವಿಜ್ಞಾನವನ್ನು ಮಣ್ಣುಮುಕ್ಕಿಸಿ ಊರಿಗೆ ಮರಳಿದ ವೀರ, ಹೋಟೆಲಿನ ಬೆಂಚಿನ ಮೇಲೆ ಕೂತೇ ದಿಗ್ವಿಜಯಕ್ಕೆ ಹೊರಟ. ಆಂಜನಪ್ಪನಾದರೋ ಯಾವ ಯೋಗವೂ ಇಲ್ಲದ ಎರಡು ಬೋಳು ಪಾದಗಳಲ್ಲಿ ಪ್ರತಿ ಮನೆಗೂ ಎರಡೆರಡು ಸಲ ಹೋಗಿಬಂದ. ಇಪ್ಪತ್ತೆಂಟು ಮತಗಳಿಂದ ಗೆದ್ದ.

ಮರುದಿನವೇ ರಾಮಾಂಜಿನಯ್ಯ ಕುಂಟುತ್ತ ಬಟವಾಡಿಗೆ ಬಂದು, ಸುಡಲು ಕಾಲು ಚಾಚಿದ. ಸೋಲಿನ ಕಾರಣವನ್ನೂ ಡಾಕ್ಟರಿಗೆ ತಾನೇ ಬಿಡಿಸಿ ಹೇಳಿದ: "ಮನೇಲಿದ್ದಿದ್ದು ಮೂರು ಯೋಗ. ಎರಡನ್ನ ನೀವೇ ಸುಟ್ಟುಬುಟ್ರಲ್ಲ ತಾಯಿ."