ಮಗ್ಗುಲು ಬದಲಿಸುವ ಆಯಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎದ್ದು ಕೂರಲಾರದವರ ವಾರ್ಡಿನಲ್ಲಿ ಆಯಾ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈ ತಗುಲಿದರೆ ರೋಗಿ ಮೈ ಬಿಗಿ ಹಿಡಿಯುತ್ತಾನೆ. ಬಿಗಿ ಹಿಡಿದ ಮೈಯನ್ನು ತಿರುಗಿಸುವುದು ಕಷ್ಟ. ಒಂದು ಕೈ ಭುಜದಡಿ, ಇನ್ನೊಂದು ಸೊಂಟದಡಿ. "ಮಹಾರಾಜರ ಸವಾರಿ ಈಗ ಕಿಟಕಿ ಕಡೆಗೆ!" ಎನ್ನುವಷ್ಟರಲ್ಲಿ ಮುದುಕರೊಬ್ಬರ ಮಗ್ಗುಲು ಬದಲಾಗಿರುತ್ತದೆ.

ವಾರ್ಡಿನಲ್ಲಿ ಹದಿನೆಂಟು ಮಂಚ. ಎರಡು ಗಂಟೆಗೊಮ್ಮೆ ಎಲ್ಲರನ್ನೂ ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಪರರ ಬೆನ್ನು ಕಾಯುತ್ತ ಆಯಾ ಅವರ ಸ್ವಂತ ಬೆನ್ನು ಬಾಗಿಹೋಗಿದೆ. ಕೆಲಸಕ್ಕೆ ಮೊದಲು ಬಕೆಟ್ ಇಡುವ ಮೂಲೆಯಲ್ಲಿ ನಿಂತು, ಯೇಸು ಕಲಿಸಿದ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಬಾಯಿ ಮುಚ್ಚುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಾರೆ. ಮಗಳು ಸತ್ತಾಗಿನಿಂದ ಹೀಗೇ.

"ದೇವರ ಮುಂದೆ ನಿಂತು ಸುಳ್ಳು ಹೇಳ್ಲಾ?" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ. "ಕ್ಷಮಿಸಮ್ಮ, ಎದೆ ಹಗುರಾಗುತ್ತೆ ಅಂತಾರೆ ಪಾದ್ರಿಗಳು. ಅವ್ರಿಗೇನು, ಹೇಳಿ ಮನೆಗೆ ಹೋಗ್ತಾರೆ. ನಮ್ಮನೇಲಿ ಅವಳ ಚಪ್ಪಲಿ ಇನ್ನೂ ಬಾಗಿಲ ಹತ್ರಾನೇ ಇದೆ."

ಶಾಲೆಯಿಂದ ಬರುತ್ತಿದ್ದ ಆ ಮಗಳ ಮೇಲೆ ಕುಡಿದು ಲಾರಿ ಹತ್ತಿಸಿದವನು ಶಿಕ್ಷೆ ಮುಗಿಸಿ ಹೊರಬಂದ. ಹೋದ ವರ್ಷ ಲಕ್ವ ಹೊಡೆದು, ಕೈಕಾಲು ಬಿದ್ದುಹೋಗಿ, ಇದೇ ವಾರ್ಡಿನ ಕೊನೆಯ ಮಂಚ ಸೇರಿದ್ದಾನೆ. ನೋಡಲು ಯಾರೂ ಬರುವುದಿಲ್ಲ. ಬೇರೆ ವಾರ್ಡ್ ಕೊಡುತ್ತೇನೆಂದು ಮೇಲ್ವಿಚಾರಕಿ ಹೇಳಿದರೂ ಆಯಾ ಒಪ್ಪಲಿಲ್ಲ. "ಹೊಸಬ್ರು ಎಳೀತಾರೆ, ಚರ್ಮ ಕಿತ್ತು ಬರುತ್ತೆ. ಅವನದಾದ್ರೂ ಚರ್ಮ ಚರ್ಮಾನೇ ಅಲ್ವಾ?"

ಹಾಗೆಂದು ಅವರನ್ನು ಸಂತರ ಸಾಲಿಗೆ ಸೇರಿಸುವ ಆತುರ ಬೇಡ. ಮೊದಲ ದಿನ ಅವನನ್ನು ಮುಟ್ಟುವ ಮುಂಚೆ ಬೇಕೆಂದೇ ಕೈಯನ್ನು ತಣ್ಣೀರಿನಲ್ಲಿ ಅದ್ದಿದ್ದರಂತೆ. "ಬೆಚ್ಚಿಬಿದ್ದ. ಒಂದು ಕ್ಷಣ ಖುಷಿ ಆಯ್ತು. ಆಮೇಲೆ ಊಟ ಸೇರ್ಲಿಲ್ಲ."

ಮಾತಾಡುತ್ತಲೇ ನಾವು ಕೊನೆಯ ಮಂಚದ ಹತ್ತಿರ ಬಂದಿದ್ದೇವೆ. ತಿರುಗಿಸಲು ಆಯಾ ಬಾಗಿದಾಗ, ಅಂಗಾತ ಮಲಗಿದ್ದವನು ತೊದಲುತ್ತ ಕೇಳುತ್ತಾನೆ. "ನೀವು... ಆ ಹುಡುಗಿ ಅಮ್ಮ ಅಲ್ವಾ?"

ಕೋರ್ಟಿನಲ್ಲಿ ಕಂಡಿದ್ದರೂ ಇಷ್ಟು ದಿನ ಅವನು ಅವರ ಗುರುತು ಹಿಡಿದಿರಲಿಲ್ಲ. ಆಯಾ ಅವರ ಕೈ ಅಲ್ಲೇ ನಿಲ್ಲುತ್ತದೆ.

"ಹೌದು. ಕತ್ತು ಸಡಿಲ ಬಿಡು, ದಿಂಬು ಸರಿ ಮಾಡ್ತೀನಿ."

ಅವನು ಅಳುತ್ತಾನೆ. ಒರೆಸಿಕೊಳ್ಳಲು ಕೈ ಏಳುವುದಿಲ್ಲ. ಕಣ್ಣೀರು ಹರಿದು ಕಿವಿಯೊಳಗೆ ಇಳಿಯುತ್ತದೆ. ಆಯಾ ಒಂದು ಮೆತ್ತನೆಯ ಬಟ್ಟೆ ತಂದು ಒರೆಸುತ್ತಾರೆ, ಕಿವಿಯೊಳಗಿನದನ್ನೂ.

ಹೊರಗೆ ಬಂದ ಮೇಲೆ, ನಿಮ್ಮ ಆಸೆ ಏನೆಂದು ಕೇಳುತ್ತೇನೆ. ಒದ್ದೆ ಬಟ್ಟೆಯನ್ನು ಮಡಿಸುತ್ತ ಹೇಳುತ್ತಾರೆ. "ಜಾಸ್ತಿ ದಿನ ಇಲ್ಲ ಅಂದಿದ್ದಾರೆ ಡಾಕ್ಟ್ರು. ಅವನು ಹೋಗೋದ್ರೊಳಗೆ ಆ ಸಾಲು ಒಂದ್ಸಲ ನನ್ನ ಬಾಯಲ್ಲಿ ಬಂದ್ರೆ ಸಾಕು."

ನಾನು ಬರೆದುಕೊಳ್ಳುವುದನ್ನು ಕಂಡು ಕೈ ಅಡ್ಡ ಹಿಡಿಯುತ್ತಾರೆ.

"ಕಣ್ಣು ಒರೆಸಿದ್ಲು ಅಂತ ಬರ್ಕೊಳ್ಳಿ. ಕ್ಷಮಿಸಿದ್ಲು ಅಂತ ಬರೀಬೇಡಿ. ಇನ್ನೂ ಆಗಿಲ್ಲ."