ಗೋಲಿನ ಮುಂದೆ ನಾನು ಕೂಗಿದ ಮಾತು

ಆ ಗೋಲು ಶರಣಪ್ಪನ ತಪ್ಪಿನಿಂದ ಆದದ್ದಲ್ಲ, ನನ್ನಿಂದ ಆದದ್ದು. ಅದು ನನಗೆ ಅಂದೇ ಗೊತ್ತಿತ್ತು. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ ಎಂದರೆ ಅದೂ ಸುಳ್ಳಾದೀತು — ಬಿಟ್ಟೆ, ಸುಳ್ಳು ಹೇಳುವುದಕ್ಕಾಗಿ ಬಿಟ್ಟೆ.

ನಾನು ಇಂಡಿ ತಾಲೂಕಿನ ಅಗರಖೇಡದವನು, ಶರಣಪ್ಪ ನಾಲತವಾಡದವನು. ಕುಸ್ತಿ, ಕಬಡ್ಡಿ ಬಿಟ್ಟರೆ ಬೇರೆಯದನ್ನು ಆಟವೆಂದೇ ಎಣಿಸದ ನಮ್ಮ ಕಡೆಯಿಂದ ಇಬ್ಬರು ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆಯುವ ಮಟ್ಟಕ್ಕೆ ಹೋದದ್ದು ಸೋಜಿಗವೇ. ವಿಜಯಪುರದ ಹಾಸ್ಟೆಲಿನಲ್ಲಿ ಒಂದೇ ಕೋಣೆ, ಮುಂದೆ ಗೋವಾದ ಒಂದು ಕ್ಲಬ್ಬಿನಲ್ಲೂ ಒಂದೇ ಕೋಣೆ. ಅವನು ಗೋಲ್‌ಕೀಪರ್, ನಾನು ಅವನ ಮುಂದೆ ನಿಲ್ಲುವ ಡಿಫೆಂಡರ್. ಇಡೀ ತಂಡದಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ಮೈದಾನದಲ್ಲಿ ನಾವು ನಮ್ಮ ಮಾತಿನಲ್ಲೇ ಒದರಾಡುತ್ತಿದ್ದೆವು, ಉಳಿದವರು ಕೇಳಿ ನಗುತ್ತಿದ್ದರು. ನನ್ನ ಹೇಡಿತನಕ್ಕೆ ಅನುಕೂಲವಾದದ್ದು ಇದೇ.

ಅದು ಆ ವರ್ಷದ ಕೊನೆಯ ಪಂದ್ಯ. ಸಮ ಮಾಡಿಕೊಂಡರೂ ಕ್ಲಬ್ಬು ಮೇಲಿನ ಲೀಗಿನಲ್ಲಿ ಉಳಿಯುತ್ತಿತ್ತು, ಸೋತರೆ ಕೆಳಗಿಳಿಯಬೇಕು. ಆಟ ಮುಗಿಯಲು ನಾಲ್ಕು ನಿಮಿಷವಿದ್ದಾಗ ಎಡಗಡೆಯಿಂದ ಎತ್ತರದ ಒಂದು ಚೆಂಡು ನಮ್ಮ ಗೋಲಿನ ಕಡೆ ತೇಲಿ ಬಂತು. ಏನೂ ವಿಶೇಷವಿಲ್ಲದ ಚೆಂಡು. ಹಿಡಿಯಲೆಂದು ಶರಣಪ್ಪ ಎರಡು ಹೆಜ್ಜೆ ಮುಂದೆ ಬಂದಿದ್ದ. ನಾನು ಒದರಿದೆ —

“ನಂದು, ಬಿಡು!”

ಅವನು ನಿಂತ. ನಾನು ಹಾರಿದೆ. ಹಾರಿದಾಗ ಬೆನ್ನ ಹಿಂದೆ ಎದುರಾಳಿಯ ಹೆಜ್ಜೆ ಸಪ್ಪಳ ಕೇಳಿತು. ತಲೆಗೆ ತಲೆ ಬಡಿದೀತೆಂದು ಹೆದರಿ ಕುತ್ತಿಗೆ ಒಳಗೆಳೆದುಕೊಂಡೆ. ಚೆಂಡು ನನ್ನ ನೆತ್ತಿಯ ಮೇಲಿಂದ ಹಾಯ್ದು ಆ ಎದುರಾಳಿಯ ಕಾಲ ಬಳಿ ಬಿತ್ತು, ಅವನು ಮೆಲ್ಲಗೆ ಒಳಗೆ ದಬ್ಬಿದ. ನಾವು ಸೋತೆವು.

ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಶರಣಪ್ಪನ ಮೇಲೆ ಹರಿಹಾಯ್ದರು. ಯಾಕೆ ಮುಂದೆ ಬರಲಿಲ್ಲ, ಗೂಟದ ಹಾಗೆ ಯಾಕೆ ನಿಂತೆ ಎಂದು. ಅವನು ನನ್ನ ಮುಖ ನೋಡಿದ. ಕೋಚ್ ನನ್ನತ್ತ ತಿರುಗಿ ಹಿಂದಿಯಲ್ಲಿ ಕೇಳಿದರು: “ನೀನೇನೋ ಕೂಗಿದೆಯಲ್ಲ, ಏನದು?”

“‘ನಿನ್ನದು, ಬಾ’ ಎಂದು ಕೂಗಿದೆ,” ಎಂದೆ.

ಹಿಂದಿಯಲ್ಲೇ ಹೇಳಿದೆ — ಕನ್ನಡದಲ್ಲಾಗಿದ್ದರೆ ನಾಲಿಗೆ ತೊದಲುತ್ತಿತ್ತೋ ಏನೋ. ಶರಣಪ್ಪ ನೆಲ ನೋಡುತ್ತ ಬೂಟಿನ ಲೇಸು ಬಿಚ್ಚತೊಡಗಿದ.

ಮುಂದಿನ ವಾರವೆಲ್ಲ ಜನ ಅವನನ್ನು ಮೊಬೈಲುಗಳಲ್ಲಿ ಹರಿದು ತಿಂದರು. ಒಂದು ಚೆಂಡನ್ನು ನೆಟ್ಟಗೆ ಒದೆಯಲಾರದ ಮಂದಿ ಅವನು ನಿಂತ ಭಂಗಿಗೆ ಹಾಡು ಜೋಡಿಸಿ ಹಂಚಿಕೊಂಡರು. ಅವರನ್ನು ಹೀಗಳೆಯುವ ಯೋಗ್ಯತೆ ನನಗಿಲ್ಲ, ಆದರೂ ಹೀಗಳೆಯುತ್ತೇನೆ. ಅವನು ಮಾತ್ರ ದಿನಾ ಬೆಳಿಗ್ಗೆ ಮೈದಾನಕ್ಕೆ ಹೋಗಿ ಅಂಥದೇ ಚೆಂಡನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಹಿಡಿಯುತ್ತಿದ್ದ. ಕ್ಲಬ್ಬು ಅವನನ್ನು ಬಿಟ್ಟಿತು. ನನ್ನನ್ನು ಉಳಿಸಿಕೊಂಡಿತು, ಮರುವರ್ಷ ನಾಯಕನನ್ನಾಗಿಯೂ ಮಾಡಿತು.

ಆಟವನ್ನೇ ಕಸುಬು ಮಾಡಿಕೊಂಡವರು ತಮ್ಮ ತಪ್ಪನ್ನು ಹೇಗೆ ಅರಗಿಸಿಕೊಳ್ಳುತ್ತಾರೆಂದು ನಾನು ಕಂಡಿದ್ದೇನೆ. ಒಬ್ಬ ಕುಡಿಯುತ್ತಾನೆ. ಒಬ್ಬ ಅದೇ ವಿಡಿಯೋ ನೂರು ಸಲ ನೋಡುತ್ತಾನೆ. ಒಬ್ಬ ರೆಫರಿಯನ್ನೋ ಹುಲ್ಲನ್ನೋ ಬೈಯುತ್ತಾನೆ. ಕ್ಲಬ್ಬಿನವರು ಕರೆಸಿದ ಮನಶ್ಶಾಸ್ತ್ರಜ್ಞರೊಬ್ಬರು, “ಉಸಿರು ಬಿಡಿ, ತಪ್ಪನ್ನೂ ಅದರ ಜೊತೆ ಬಿಡಿ, ಮುಂದಿನ ಚೆಂಡು ನೋಡಿ,” ಎಂದು ಕಲಿಸುತ್ತಿದ್ದರು. ಅವರ ಪಾಲಿಗೆ ನಾನು ಎಲ್ಲರಿಗಿಂತ ಜಾಣ ವಿದ್ಯಾರ್ಥಿ. ಆಗದೆ ಏನು? ತಪ್ಪನ್ನು ಆಗಲೇ ಇನ್ನೊಬ್ಬನ ಹೆಗಲಿಗೆ ಹಾಕಿದವನಿಗೆ ಉಸಿರು ಬಿಡುವುದೇನು ಕಷ್ಟ!

ಆಟ ಬಿಟ್ಟ ಮೇಲೆ ಸಿಂದಗಿಯಲ್ಲಿ ಮನೆ ಮಾಡಿದೆ. ನಾಚಿಕೆಗೇಡಿನ ಕೆಲಸವೆಂದರೆ — ಸುತ್ತಲಿನ ಕಾಲೇಜುಗಳಲ್ಲಿ ‘ಸೋಲನ್ನು ಎದುರಿಸುವುದು ಹೇಗೆ’ ಎಂದು ಭಾಷಣ ಮಾಡತೊಡಗಿದೆ. ಶಾಲು ಹೊದಿಸಿದರು, ಹೊದ್ದುಕೊಂಡೆ. ಬಸವನ ಬಾಗೇವಾಡಿಯಲ್ಲಿ ಹೇಳಿದ್ದನ್ನೇ ಮುದ್ದೇಬಿಹಾಳದ ಒಂದು ಕಾಲೇಜಿನಲ್ಲೂ ಹೇಳಿದೆ: “ನನ್ನ ಜೊತೆ ಒಬ್ಬ ಗೋಲ್‌ಕೀಪರ್ ಇದ್ದ. ಒಂದು ತಪ್ಪು ಮಾಡಿದ. ಅದನ್ನು ತಡೆದುಕೊಳ್ಳಲಾಗದೆ ಮುರಿದು ಹೋದ. ನೀವು ಹಾಗಾಗಬಾರದು.”

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಆ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವರಂತೆ.

“ಅವರು ಮುರದು ಹೋಗ್ಯಾರಂತ ನಿಮಗ ಯಾರು ಹೇಳಿದ್ರು ಸರ್? ಅವರು ನಮ್ಮ ಯಜಮಾನ್ರು. ಆರಾಮ ಅದಾರ. ಮುಂಜಾನಿ ಗಾಡಿ ಮ್ಯಾಲ ನನ್ನ ಇಲ್ಲಿ ಬಿಟ್ಟು ಹೋಗ್ಯಾರ.”

ಸಭೆ ನಕ್ಕಿತು. ಶರಣಪ್ಪನ ಹೆಂಡತಿ ಸುಜಾತಾ ನಗಲಿಲ್ಲ. ಆ ಹೆಣ್ಣುಮಗಳು ನನ್ನನ್ನು ನೋಡಿದ ರೀತಿ — ಚಪ್ಪಲಿಗೆ ಅಂಟಿದ್ದನ್ನು ನೋಡುವ ಹಾಗಿತ್ತು. ಏನೋ ಹೇಳಿ ಭಾಷಣ ಮುಗಿಸಿದೆ.

ಮರುದಿನ ನಾಲತವಾಡಕ್ಕೆ ಹೋದೆ. ಶರಣಪ್ಪ ಅಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ನನ್ನನ್ನು ಕಂಡು ಬೆಂಚು ತೋರಿಸಿ, ಕೈಯಲ್ಲಿದ್ದ ಕೆಲಸ ಮುಗಿಸಿಯೇ ಬಂದ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. “ಶರಣ್ಯಾ, ಅವತ್ತು ‘ನಂದು, ಬಿಡು’ ಅಂತ ಒದರಿದಾಂವ ನಾನು. ಕೋಚ್‌ಗೆ ಸುಳ್ಳು ಹೇಳಿದೆ,” ಎಂದಷ್ಟೇ ಅಂದೆ.

“ನನಗ ಕಿವಿ ಇರಲಿಲ್ಲೇನಲೇ ಮಲ್ಲು?” ಎಂದ. “ನನಗ ಗೊತ್ತಿದ್ದದ್ದು ನನಗ ಹೇಳಾಕ ಇಷ್ಟು ದೂರ ಬಂದಿ?”

“ಮತ್ತ ನೀ ಅವತ್ತ ಯಾಕ ಹೇಳಲಿಲ್ಲ?”

“ನೀ ಹೇಳ್ತಿ ಅಂತ ಕಾಯ್ಕೊಂತ ನಿಂತಿದ್ದೆ. ನೀ ಸುಳ್ಳು ಹೇಳಿದ ಮ್ಯಾಲ ನಿನ್ನಂಥಾವನ ಜೋಡಿ ಬಡದಾಡಿ ಗೆದ್ರ ನನಗೇನು ಸಿಗ್ತಿತ್ತು? ನಿನ್ನ ಹಿಂದ ಮತ್ತ ಗೋಲಿನ್ಯಾಗ ನಿಲ್ಲೂದು. ಬ್ಯಾಡನಿಸ್ತು.”

ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ. “ಅದೆಲ್ಲ ಬ್ಯಾಡ. ಗೊತ್ತಿಲ್ಲದವರಿಗೆ ಹೋಗಿ ಹೇಳು.” ಚಹಾ ತರಿಸಿದ. ಕುಡಿಯುವವರೆಗೆ ಎದುರಿಗೇ ಕೂತಿದ್ದು ಮತ್ತೆ ಕೆಲಸಕ್ಕೆ ಎದ್ದ. ಬೈದಿದ್ದರೆ — ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಉಪಕಾರವನ್ನೂ ಅವನು ಮಾಡಲಿಲ್ಲ.

ಕೋಚ್‌ಗೆ ಬರೆದೆ. “ಈಗ ಯಾಕೆ ಅದೆಲ್ಲ?” ಎಂದು ಒಂದೇ ಸಾಲಿನ ಉತ್ತರ ಬಂತು. ತಂಡದಲ್ಲಿ ಆಡಿದ ಉಳಿದವರಿಗೂ ಬರೆದೆ. ಅವರು ಅಷ್ಟನ್ನೂ ಬರೆಯಲಿಲ್ಲ. ಮುದ್ದೇಬಿಹಾಳದ ಆ ಕಾಲೇಜಿಗೆ ಹೋಗಿ ಅದೇ ವಿದ್ಯಾರ್ಥಿಗಳನ್ನು ಮತ್ತೆ ಕೂಡಿಸಿರೆಂದು ಕೇಳಿಕೊಂಡೆ. ಪ್ರಾಂಶುಪಾಲರು, “ಬ್ಯಾಡ್ರಿ, ಚಂದ ಕಾಣೂದಿಲ್ಲ,” ಎಂದು ಅನುಮಾನಿಸಿ ಕಡೆಗೆ ಒಪ್ಪಿದರು. ನಿಂತು ಹೇಳಿದೆ, ಇಲ್ಲಿ ಬರೆದಷ್ಟನ್ನೂ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಹಂಗಾದ್ರ ಹ್ವಾದ ಸಲ ನೀವು ಹೇಳಿದ್ದು ನಾವು ಬರಕೊಂಡೇವಲ್ರಿ ಸರ್, ಅದನ್ನೇನು ಮಾಡೂದ್ರಿ?”

“ಹೊಡದು ಹಾಕ್ರಿ,” ಎಂದೆ.

ಹೊರಗೆ ವರಾಂಡದಲ್ಲಿ ಸುಜಾತಾ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಇಷ್ಟು ಹೇಳಾಕ ಹನ್ನೊಂದು ವರ್ಷ ಬೇಕಾದೂವೇನ್ರಿ?” ಎಂದು ಕೇಳಿದರು.

“ಹೌದ್ರಿ ವೈನಿ,” ಎಂದೆ, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ.

“ನನಗ ವೈನಿ ಅನ್ನಬ್ಯಾಡ್ರಿ,” ಎಂದು ಆಕೆ ಲೈಬ್ರರಿಯ ಕಡೆ ನಡೆದರು.