ಹಳದಿ ದೀಪಗಳ ಜಾಗಕ್ಕೆ ಹಿತ್ತಾಳೆ ಮುಚ್ಚಳ

ಪಾಂಡವಪುರದ ನಮ್ಮ ಮನೆಯ ಗೋಡೆಗೂಡಿನಲ್ಲಿ ಗೇಣಗಲದ ಎರಡು ಹಿತ್ತಾಳೆ ಮುಚ್ಚಳಗಳಿವೆ. ಬಂದವರು ಎತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಧೂಪದ ಬಟ್ಟಲಿನದೇ ಎಂದು ಒಬ್ಬರು ಕೇಳಿದರೆ, ಹಳೆಯ ತಕ್ಕಡಿಯ ತಟ್ಟೆಯೇ ಎಂದು ಇನ್ನೊಬ್ಬರು. ಅಂಚಿನ ನಾಲ್ಕು ನಾಲ್ಕು ತೂತುಗಳು ಯಾವ ಊಹೆಗೂ ಒಗ್ಗದೆ ಕೊನೆಗೆ ನನ್ನ ಮುಖ ನೋಡುತ್ತಾರೆ. ಕಾರಿನವು ಎಂದರೆ ನಗುತ್ತಾರೆ. ಕಾರಿನ ಸಾಮಾನನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ ಗೂಡಿನಲ್ಲಿಡುವ ಮನೆ ಇನ್ನೊಂದಿರಲಾರದು. ಅವರಿಗೆ ಹೇಳದ ಕಥೆಯನ್ನು ನಿಮಗೆ ಹೇಳುತ್ತೇನೆ. ಓದುವವರು ನಡುವೆ ಬಾಯಿ ಹಾಕುವುದಿಲ್ಲ, ಅದೊಂದು ಅನುಕೂಲ.

ನಾನು ವ್ಯಾಪಾರದಿಂದ ತಲೆಯೆತ್ತಿದವನು. ಆಲೆಮನೆಯ ಬಾಗಿಲಲ್ಲಿ ನಿಂತು ಬೆಲ್ಲದ ಅಚ್ಚನ್ನು ಉಗುರಿನಿಂದ ಗೀರಿ, ಮೂಸಿ, ಒಳಗೊಳಗೇ ಮೆಚ್ಚಿ ಹೊರಗೆ ಮುಖ ಸಿಂಡರಿಸಿ ಬೆಲೆ ಇಳಿಸುವ ವಿದ್ಯೆಯನ್ನು ಹದಿನಾರನೆಯ ವಯಸ್ಸಿಗೇ ಕಲಿತೆ. ಸೈಕಲ್ಲಿನಿಂದ ಎತ್ತಿನ ಗಾಡಿಗೆ, ಗಾಡಿಯಿಂದ ಬಾಡಿಗೆಯ ಟೆಂಪೋಗೆ ಏರುತ್ತಾ, ತೊಂಬತ್ತರ ಆಚೀಚೆ ಒಂದು ಹಳೆಯ ಅಂಬಾಸಿಡರ್ ಕಾರಿನವರೆಗೆ ಬಂದೆ. ಬಾಬುರಾಯನಕೊಪ್ಪಲಿನ ಒಬ್ಬ ಗುತ್ತಿಗೆದಾರರ ಜಗಲಿಯಲ್ಲಿ ಮೂರು ಸಲ ಕುಳಿತೆದ್ದು ಕೊಂಡ ಕಾರು ಅದು. ಹಳೆಯ ಕಾರು ಕೊಳ್ಳುವವರಿಗೆ, ಕೇಳದಿದ್ದರೂ, ಒಂದು ಮಾತು: ಎಂಜಿನ್ನಿನ ಸದ್ದಿಗೆ ಮರುಳಾಗಬೇಡಿ, ಕಾಲಡಿಯ ರಬ್ಬರು ಚಾಪೆ ಎತ್ತಿ ತುಕ್ಕು ನೋಡಿ, ಮಾರುವವನ ಎದುರು ಕಾರನ್ನು ಹೊಗಳಬೇಡಿ, ಅವನ ಮನೆಯ ಕಾಫಿಯನ್ನು ಹೊಗಳಿ. ಹೀಗೆ ಬುದ್ಧಿ ಹೇಳುವುದು ನನ್ನ ಚಟ. ಈ ಚಟದ ಖರ್ಚು ಎಷ್ಟೆಂದು ಮುಂದೆ ನಿಮಗೇ ತಿಳಿಯುತ್ತದೆ.

ಕಾರು ಕೊಂಡವನು ನಾನಾದರೂ ಓಡಿಸುತ್ತಿದ್ದವನು ನನಗಿಂತ ಏಳು ವರ್ಷ ಚಿಕ್ಕವನಾದ ತಮ್ಮ ನಂಜುಂಡ. ನಾನು ಪಕ್ಕದಲ್ಲಿ ಕುಳಿತು ಗೇರು ಬದಲಿಸುವುದು ಹೇಗೆಂದು, ಆಗ ನನಗೆ ಅದು ಬಾರದಿದ್ದರೂ, ಹೇಳಿಕೊಡುತ್ತಿದ್ದೆ. ಮಾರ್ಗಶಿರ ಪುಷ್ಯದ ಬೆಳಗುಗಳಲ್ಲಿ ನಾಲೆಯ ಮೇಲಿನಿಂದ ಏಳುವ ಮಂಜು ಕಬ್ಬಿನ ಗದ್ದೆಗಳ ನಡುವೆ ಹತ್ತಿ ಗಿಡಿದ ಹಾಗೆ ಕೂತುಬಿಡುತ್ತದೆ. ಅಂಥದೊಂದು ಬೆಳಗ್ಗೆ ಕೆ.ಆರ್. ಪೇಟೆ ರಸ್ತೆಯಲ್ಲಿ, ಮಾಕವಳ್ಳಿ ಕಾರ್ಖಾನೆಯ ಕಡೆ ಹೊರಟಿದ್ದ ಕಬ್ಬಿನ ಗಾಡಿಯ ಹಿಂಭಾಗ ನಮ್ಮ ಗಾಜಿಗೆ ಮೊಳದ ದೂರದಲ್ಲಿ ಹುಟ್ಟಿಬಂತು. ನಂಜುಂಡ ಸ್ಟೇರಿಂಗನ್ನು ಎಳೆದ. ಕಾರು ಗದ್ದೆಯ ಬದುವಿಗೆ ಇಳಿದು ನಿಂತಿತು. ನನ್ನ ಕಡೆಯ ಬಾಗಿಲಿಗೆ ಒಂದು ಕಬ್ಬಿನ ಜಲ್ಲೆ ಗೀರು ಹಾಕಿತ್ತು, ಅಷ್ಟೆ. ನಂಜುಂಡ ಇಳಿದು ಆ ಗೀರನ್ನು ಬೆರಳಿನಿಂದ ಸವರಿ ನೋಡಿದ. ಆ ವಾರವೇ, ನನಗೆ ತಿಳಿಸದೆ, ತನ್ನ ಹಸುವಿನ ಹಾಲಿನ ದುಡ್ಡಿನಲ್ಲಿ ಒಂದು ಜೊತೆ ಫಾಗ್‌ಲೈಟು ತಂದು, ಬಂಪರಿನ ಕೆಳಗಿನ ತಗಡಿನಲ್ಲಿ ಎರಡು ಗುಂಡು ಕಿಂಡಿ ಕೊರೆಸಿ ಕೂರಿಸಿದ. ಹಳದಿ ಗಾಜಿನ ದೀಪಗಳು. ನಾನು ನೋಡಿ, ಇದೇ ದೀಪವನ್ನು ಇನ್ನೂ ಅಗ್ಗಕ್ಕೆ ತರಬಹುದಿತ್ತು ಎಂದೆ.

ಅಣ್ಣತಮ್ಮಂದಿರು ಬೇರೆಯಾಗುವುದಕ್ಕೆ ದೊಡ್ಡ ಕಾರಣವೇ ಬೇಕೆಂದು ನೀವು ತಿಳಿದಿದ್ದರೆ ಒಂದು ಸಣ್ಣ ತಿದ್ದುಪಡಿ ಮಾಡಿಕೊಳ್ಳಿ. ನಮ್ಮಲ್ಲಿ ಕುಡಿತವಿರಲಿಲ್ಲ, ಹೆಂಗಸರ ಜಗಳವಿರಲಿಲ್ಲ. ನಾನು ಬುದ್ಧಿ ಹೇಳುವುದನ್ನು ನಿಲ್ಲಿಸಲಿಲ್ಲ. ಅವನು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದ. ಬೂಕನಕೆರೆಯ ಬಳಿಯ ಜಮೀನಿನಲ್ಲಿ ಹಸು ಕಟ್ಟಿಕೊಂಡು ಇರುತ್ತೇನೆ ಎಂದ. ಸೋದರಮಾವ ಬಂದು, ನಾಲ್ಕು ಜನ ಹಿರಿಯರನ್ನು ಕೂರಿಸಿ ಭಾಗ ಮಾಡಿಸಿದರು. ಪಾತ್ರೆಗಳನ್ನು ತಕ್ಕಡಿಗಿಟ್ಟು ತೂಗಿದಾಗ ನೀರಿನ ದೊಡ್ಡ ಹಂಡೆ ಅವನ ಕಡೆಗೆ ಹೋಯಿತು. ತೂಕ ಸರಿದೂಗಿಸಲು ಸಣ್ಣಪುಟ್ಟ ಹಿತ್ತಾಳೆಯೆಲ್ಲ ನನ್ನ ಕಡೆಗೆ ಬಂತು. ಕಾರು ನನಗೆ ಎಂದಾಯಿತು. ಅವನು ತಲೆಯಾಡಿಸಿ ಎದ್ದುಹೋಗಿ ಸ್ಪಾನರು ತಂದು ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

“ಏನ್ಲಾ ಮಾಡ್ತಿದ್ದೀಯ ನಂಜ?” ಎಂದರು ಮಾವ.

“ಕಾರು ಅಣ್ಣಂದು, ಒಪ್ಕಂಡೆ ಮಾವ. ದೀಪ ನಾನು ನನ್ ದುಡ್ನಾಗೆ ಆಕ್ಸಿದ್ದು.”

“ಅಂಗಾದ್ರೆ ಟೈರ್ನಾಗಿರೋ ಗಾಳಿನೂ ನೀನೇ ಒಡ್ದಿದ್ದಲ್ವೇನ್ಲಾ, ಅದ್ನೂ ಒಂದು ಚೀಲುಕ್ಕೆ ತುಂಬ್ಕಂಡು ಓಗ್ಲಾ!”

ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಂಜುಂಡ ತಲೆಯೆತ್ತಲಿಲ್ಲ. ಎರಡನೆಯ ದೀಪದ ಬೋಲ್ಟು ತುಕ್ಕು ಹಿಡಿದು ಬಿಚ್ಚಲು ತಡವಾಯಿತು. ನಗು ಮುಗಿದ ಮೇಲೂ ಅವನು ಅಲ್ಲೇ, ನಮ್ಮೆಲ್ಲರ ಕಣ್ಣೆದುರು, ಸ್ಪಾನರು ತಿರುಗಿಸುತ್ತ ಕುಳಿತಿರಬೇಕಾಯಿತು. ಮರುದಿನ ಗಾಡಿ ತುಂಬಿಕೊಂಡು ಬೂಕನಕೆರೆಗೆ ಹೊರಟುಹೋದ. ಆಮೇಲೆ ಎಂಟು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ.

ಆ ಎರಡು ಕಿಂಡಿಗಳು ನನ್ನನ್ನು ಕಾಡಿದಷ್ಟು ಅಗಲಿಕೆ ಕಾಡಲಿಲ್ಲವೆಂದರೆ ನಂಬುತ್ತೀರಾ? ನಾನೂ ಆಗ ಹಾಗೆಯೇ ನಂಬಿದ್ದೆ. ಮನುಷ್ಯನ ಮನಸ್ಸು ದೊಡ್ಡ ನೋವಿಗೆ ಬೆನ್ನು ಹಾಕಿ ಅದರ ಪಕ್ಕದ ಚಿಕ್ಕ ತೊಂದರೆಯೊಂದನ್ನು ಆರಿಸಿಕೊಂಡು, ರಿಪೇರಿಗೆ ಸಿಗುವುದು ಇದೇ ಎಂದು ಅದಕ್ಕೇ ಮುಗಿಬೀಳುತ್ತದೆ. ಕಾರಿನ ಮುಖ ನೋಡಿದವರೆಲ್ಲ, “ಇದ್ಯಾಕೆ ಗೌಡ್ರೆ, ಇಂಗೆ ಬಾಯ್ ಬುಟ್ಕಂಡದೆ?” ಎಂದು ಕೇಳುವವರೇ. ಡಾಲ್ಡಾ ಡಬ್ಬದ ತಗಡು ಹೊಡೆಸಿ ನೋಡಿದೆ. ಮಳೆಗೆ ತುಕ್ಕು ಸುರಿಯಿತು. ಟೈರಿನ ರಬ್ಬರು ಕತ್ತರಿಸಿ ಸಿಕ್ಕಿಸಿದೆ, ಬಿಸಿಲಿಗೆ ಮುರುಟಿತು. ಹೊಸ ದೀಪ ತರಬಹುದಿತ್ತಲ್ಲ ಎನ್ನುತ್ತೀರಿ. ತಂದರೆ, ಅವನು ಬಿಚ್ಚಿಕೊಂಡು ಹೋದದ್ದು ನನಗೆ ಬೇಕಾಗಿತ್ತು ಎಂದು ಒಪ್ಪಿಕೊಂಡಂತೆ. ಅಲ್ಲಿ ದೀಪವೇ ಇರಲಿಲ್ಲವೆಂಬಂತೆ, ಅಂದವಾದ ಮುಚ್ಚಳ ಬೇಕಿತ್ತು ನನಗೆ.

ನಾಗಮಂಗಲದಲ್ಲಿ ಪಾತ್ರೆ ಕೆಲಸದ ಒಬ್ಬ ಮುದುಕರಿದ್ದರು. ಎಲ್ಲರೂ ಆಚಾರ್ರು ಎನ್ನುತ್ತಿದ್ದರು. ಕಾರನ್ನು ಅವರ ಬಾಗಿಲಿಗೇ ಒಯ್ದೆ; ಅಷ್ಟರಲ್ಲಿ ನಾನೂ ಓಡಿಸಲು ಕಲಿತಿದ್ದೆ. ಹಿತ್ತಾಳೆಯನ್ನು ಅವರಿಂದ ಕೊಂಡರೆ ದುಬಾರಿ, ಕೂಲಿ ಮಾತ್ರ ಕೊಟ್ಟರೆ ಲಾಭ ಎಂದೆಣಿಸಿ, ನನ್ನ ಪಾಲಿಗೆ ಬಂದ ಗುಡ್ಡೆಯಿಂದ ಎರಡು ಹಳೆಯ ಗಂಗಾಳಗಳನ್ನು, ಅಂದರೆ ಊಟದ ಅಂಚುತಟ್ಟೆಗಳನ್ನು, ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಆಚಾರ್ರು ಅವನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು.

“ಉಂಡಿರೋ ಗಂಗಾಳ ಇವು. ಇವುನ್ನ ಕತ್ರಿಸ್ಬೇಕಾ ಯಜಮಾನ್ರೆ? ತಗಡು ನನ್ನತ್ರ ಅದೆ, ಅದ್ರಾಗೆ ಮಾಡ್ಕೊಡ್ತೀನಿ.”

“ನಿಮ್ ತಗಡಿನ ರೇಟು ನಂಗೊತ್ತಿಲ್ವಾ ಆಚಾರ್ರೆ? ಸುಮ್ನೆ ಕತ್ರಿಸಿ.”

“ರೇಟ್ನ ಮಾತಲ್ಲ ಬುಡಿ,” ಎಂದು ಅವರು ಕತ್ತರಿ ಕೈಗೆತ್ತಿಕೊಂಡರು.

ಕೆಲಸ ಮಾತ್ರ ನೋಡುವಂಥದ್ದು. ಕತ್ತರಿಸಿದ ಬಿಲ್ಲೆಯನ್ನು ಕೆಂಡದಲ್ಲಿ ಕಾಯಿಸಿ ಮೆತ್ತಗೆ ಮಾಡಿ, ಮರದ ಕುಳಿಯ ಮೇಲಿಟ್ಟು ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಬಡಿದು ಉಬ್ಬಿಸಿದರು. ಸ್ಕ್ರೂ ಹಾಕೋಣ, ಬೇಕೆಂದಾಗ ತೆಗೆಯಬಹುದು ಎಂದರು. ತೆಗೆಯುವ ಪ್ರಸಂಗವೇ ಬರುವುದಿಲ್ಲ, ರಿವೆಟ್ಟು ಬಡಿಯಿರಿ ಎಂದೆ. ಬಡಿದರು. ಕಾರಿನ ಮುಖದಲ್ಲಿ ಎರಡು ಹೊಂಬಣ್ಣದ ಕೆನ್ನೆ ಮೂಡಿದಂತಾಯಿತು. ಕೂಲಿಯಲ್ಲೂ ಒಂದಿಷ್ಟು ಮುರಿಸಿಕೊಂಡು, ಬರುವಾಗ ದಾರಿಯುದ್ದಕ್ಕೂ ಹಾಡು ಗುನುಗಿದೆ.

ಮತ್ತೆ ಮಂಜು ಶುರುವಾದ ಮೊದಲ ವಾರ. ಬೆಳಗಿನ ಬಸ್ಸಿಗೆ ನಂಜುಂಡ ಬಂದ. ಹೆಗಲ ಟವೆಲ್ಲನ್ನು ಗಂಟು ಕಟ್ಟಿ ಎದೆಗವುಚಿಕೊಂಡಿದ್ದ. ನನಗೆ ಹಿಗ್ಗಾಯಿತು, ಹಿಗ್ಗನ್ನು ತೋರಿಸಬಾರದೆಂಬ ವ್ಯಾಪಾರದ ಅಭ್ಯಾಸ ಅದಕ್ಕಿಂತ ಮುಂಚೆ ಎದ್ದು ನಿಂತಿತು. “ಏನ್ಲಾ, ದಾರಿ ತಪ್ಪಿ ಬಂದಾ?” ಎಂದೆ.

“ಮಂಜು ಬಿತ್ತಲ್ಲಣ್ಣ. ನೀನೇ ಓಡಿಸ್ತೀಯ ಅಂದ್ರು,” ಎಂದ. ಮಾತು ಮುಂದುವರಿಸುವಷ್ಟರಲ್ಲಿ ಅವನ ಕಣ್ಣು ಕಾರಿನ ಮುಂಭಾಗಕ್ಕೆ ಬಿತ್ತು. ಹತ್ತಿರ ಹೋಗಿ ಬಗ್ಗಿದ.

ನೋಡಿ, ಬಾಯಿ ಮುಚ್ಚಿಕೊಂಡಿರಬೇಕಾದ ಗಳಿಗೆ ಅದು. ನಾನು ಶುರು ಮಾಡಿದೆ. ನಾಗಮಂಗಲದ ಆಚಾರ್ರು ಕೇಳಿದ್ದೆಷ್ಟು, ನಾನು ಇಳಿಸಿದ್ದೆಷ್ಟು, ಸಾಮಾನು ಮನೆಯದೇ ಆದದ್ದರಿಂದ ಉಳಿದದ್ದೆಷ್ಟು, ಸ್ಕ್ರೂಗಿಂತ ರಿವೆಟ್ಟು ಏಕೆ ಮೇಲು, ಎಲ್ಲವನ್ನೂ ಹೇಳಿದೆ. ಅವನ ಕೊಟ್ಟಿಗೆಯ ಬಾಗಿಲಿಗೂ ರಿವೆಟ್ಟೇ ಹೊಡೆಸು ಎಂದು ಬುದ್ಧಿಯನ್ನೂ ಹೇಳಿದೆ. ಅವನ ಹೆಬ್ಬೆರಳು ಎಡಗಡೆಯ ಮುಚ್ಚಳದ ಅಂಚಿನಲ್ಲಿ ನಿಂತಿತ್ತು. ಪಾತ್ರೆಗಳ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸುವ ವಾಡಿಕೆ ನಿಮಗೆ ಗೊತ್ತಲ್ಲ. ನಮ್ಮವ್ವ ಇಬ್ಬರು ಮಕ್ಕಳ ಗಂಗಾಳಕ್ಕೂ ಹೆಸರು ಕೊರೆಸಿದ್ದಳು. ಕತ್ತರಿ ಅರ್ಧ ಹೆಸರನ್ನು ತಿಂದಿತ್ತು. ‘ನಂಜು’ ಉಳಿದಿತ್ತು. ನಾನು ಅದನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

“ನಾವುಣ್ತಿದ್ದ ಗಂಗಾಳ ಅಲ್ವೇನಣ್ಣ ಇವು?”

“ಊಂ ಕಣ್ಲಾ. ಸುಮ್ನೆ ಅಟ್ಟದ ಮ್ಯಾಲೆ ಬಿದ್ದಿದ್ವು.”

“ಚೆನ್ನಾಗ್ ಮಾಡವ್ರೆ,” ಎಂದ. ಒಳಗೆ ಬಂದು ಕಾಫಿ ಕುಡಿದ. ಗಂಟನ್ನು ತೊಡೆಯಿಂದ ಕೆಳಗಿಡಲಿಲ್ಲ. ಹತ್ತು ಗಂಟೆಯ ಬಸ್ಸಿಗೆ ಹೊರಟುಹೋದ.

ನನ್ನ ಹೆಂಡತಿ ಜಯಮ್ಮ ಲೋಟ ತೊಳೆಯುತ್ತ, ನನ್ನ ಕಡೆ ನೋಡದೆಯೇ ಕೇಳಿದಳು: “ಆ ಗಂಟ್ನಾಗೆ ಏನಿತ್ತು ಅಂತ ಕೇಳುದ್ರಾ?”

“ಬೆಲ್ಲಗಿಲ್ಲ ಇರ್ಬೇಕು. ಇಟ್ಟು ಓಗೋದ ಮರ್ತವ್ನೆ.”

“ಬೆಲ್ಲದ ವ್ಯಾಪಾರದೋರ ಮನೆಗೆ ಯಾರಾನಾ ಬೆಲ್ಲ ತತ್ತಾರಾ? ಟವೆಲ್ ಸಂದೀಲಿ ಅಳದಿ ಗಾಜು ಕಾಣ್ತಿತ್ತು. ನಿಮ್ಗೆ ಮಾತೇ ಮುಗೀಲಿಲ್ವಲ್ಲ, ಆ ಉಡುಗ ಎಲ್ಲಿ ಬಾಯ್ ಬುಟ್ಟಾನು?”

ಆ ದಿನ ನಾನು ಅಂಗಡಿಗೆ ಹೋಗಲಿಲ್ಲ. ಕಾರಿನ ಮುಂದೆ, ಎಂಟು ತಿಂಗಳ ಹಿಂದೆ ಅವನು ಕುಳಿತ ಹಾಗೆಯೇ, ಕುಕ್ಕರಗಾಲಿನಲ್ಲಿ ಕುಳಿತೆ. ತೂತೆಂದರೆ ಕೊರತೆ, ಮುಚ್ಚಳವೆಂದರೆ ಪರಿಹಾರ ಎಂದು ತಿಳಿದು ಬಾಳಿದವನು ನಾನು. ಒಯ್ದವನು ವಾಪಸು ಬಂದರೆ ಒಯ್ದದ್ದನ್ನು ಇಡುವುದಕ್ಕೊಂದು ಜಾಗ ಬೇಕಲ್ಲ. ಖಾಲಿ ಕಿಂಡಿ ಕಾಯುತ್ತಾ ಕೂತಿರುತ್ತದೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅದು ನೋಡುವವರಿಗೆ ವಿಕಾರವಾಗಿ ಕಂಡೀತು, ನೆಂಟರಿಷ್ಟರು ಆಡಿಕೊಂಡಾರು, ಇರಲಿ. ವಿಕಾರವಾಗಿಯೇ ಬಿಟ್ಟಿದ್ದರೆ ಆ ಬೆಳಗ್ಗೆ ಅವನು ಟವೆಲ್ಲು ಬಿಚ್ಚಿ, ಸ್ಪಾನರು ಕೇಳಿ, ಮೊಣಕಾಲೂರುತ್ತಿದ್ದ.

ಆದರೂ ಎದ್ದು ಹೋಗುವುದಕ್ಕೆ ನನಗೆ ಸಂಕ್ರಾಂತಿ ಕಳೆಯಬೇಕಾಯಿತು. ಮೊದಲು ಮಾತಾಡಿದವನು ಸೋತ ಎಂಬ ವ್ಯಾಪಾರದ ಲೆಕ್ಕ ಮನೆಯ ವಿಷಯಕ್ಕೂ ನುಗ್ಗಿತ್ತು. ಕೊನೆಗೆ ಕೆ.ಆರ್. ಪೇಟೆಯ ಒಂದು ಗ್ಯಾರೇಜಿನಲ್ಲಿ ರಿವೆಟ್ಟಿನ ತಲೆಗಳನ್ನು ಅರದಿಂದ ಉಜ್ಜಿಸಿ ಮುಚ್ಚಳ ಬಿಚ್ಚಿಸಿದೆ. ಅವನ್ನು ಅವನಿಗೇ ಕೊಟ್ಟುಬಿಡೋಣವೆಂದು ಹಿಂದಿನ ಸೀಟಿನ ಮೇಲಿಟ್ಟುಕೊಂಡು ಬೂಕನಕೆರೆಗೆ ಹೋದೆ.

ನಂಜುಂಡ ಹಸು ತೊಳೆಯುತ್ತಿದ್ದ. ಕಾರಿನ ಮುಖ ನೋಡಿದ. “ಬಿಚ್ಚಿಸ್ಬುಟ್ಟಾ? ಚೆನ್ನಾಗಿತ್ತಲ್ಲಣ್ಣ.”

“ಆ ದೀಪ ಇನ್ನೂ ಅವೇನ್ಲಾ ನಂಜ?”

“ಅಯ್ಯೋ, ಕಬ್ಬಿನ ಲಾರಿಯೋನ್ಗೆ ಕೊಟ್ಬುಟ್ಟೆ ಕಣಣ್ಣ. ನಿಂಗೆ ಬ್ಯಾಡ್ವೇನೋ ಅಂದ್ಕಂಡೆ.”

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಿಡಿಯಲು ಒಂದು ತುದಿ ಸಿಕ್ಕುತ್ತಿತ್ತು. ಕೋಪದವನ ಜೊತೆ ಚೌಕಾಸಿ ಮಾಡಬಹುದು, ಇಳಿಸಬಹುದು, ಅರ್ಧಕ್ಕೆ ಒಪ್ಪಿಸಬಹುದು. ಅವನು ಕೈತೊಳೆದು ಬಂದು, ಊಟದ ಹೊತ್ತಾಯಿತು, ಉಂಡುಕೊಂಡು ಹೋಗು ಎಂದ. ಅವನ ಹೆಂಡತಿ ಸಾವಿತ್ರಿ ಚಾಪೆ ಹಾಸಿ, ಬಾಳೆಯ ಎಲೆ ಹಾಕಿ, ನೀರು ಚಿಮುಕಿಸಿದಳು. ನೀನೂ ಬಾರೋ ಎಂದರೆ, “ನಂದಾಯ್ತು, ನೀನು ಉಣ್ಣಣ್ಣ,” ಎಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ದಿನದ ಊಟಕ್ಕೆ ನಮ್ಮ ಮನೆಗಳಲ್ಲಿ ಎಲೆ ಹಾಕುವುದು ಹೊರಗಿನಿಂದ ಬಂದವರಿಗೆ. ಮುದ್ದೆಯ ಸುತ್ತ ಬಡಿಸಿದ ಸೊಪ್ಪಿನ ಸಾರು ಎಲೆಯ ಮೇಲೆ ನಿಲ್ಲದೆ ಹರಿದು ಅಂಚಿಗೆ ಓಡುತ್ತಿತ್ತು. ಅಂಗೈಯನ್ನು ಅಡ್ಡವಿಟ್ಟು ತಡೆದುಕೊಂಡು ಉಂಡೆ. ಸ್ಟೀಲಿನ ತಟ್ಟೆಗಳು ಕೈಗೆಟಕುವ ದೂರದಲ್ಲೇ ಗೋಡೆಗೊರಗಿ ನಿಂತಿದ್ದವು. ಲೋಕದಲ್ಲಿ ನಾನು ಕೇಳದ ವಸ್ತುವಿಲ್ಲ, ಕೇಳಿ ಗಿಟ್ಟಿಸದೆ ಎದ್ದ ಜಗಲಿಯಿಲ್ಲ. ನನಗೂ ಒಂದು ತಟ್ಟೆ ಕೊಡವ್ವಾ ಎಂದು ಕೇಳುವುದಕ್ಕೆ ಮಾತ್ರ ನಾಲಗೆ ಏಳಲಿಲ್ಲ. ಕೊಡಲೆಂದು ತಂದ ಮುಚ್ಚಳಗಳೂ ಹಿಂದಿನ ಸೀಟಿನಲ್ಲೇ ಉಳಿದವು.

ಉಂಡು ಮುಗಿಸಿ, ಮನೆಯವನ ಹಾಗೆ ಎಲೆ ಮಡಚಿ ಎತ್ತಲು ಹೋದೆ. ಸಾವಿತ್ರಿ ಓಡಿಬಂದಳು. “ಬುಡಿ ಭಾವ, ನೀವ್ಯಾಕೆ ಎತ್ತೀರಿ?”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.